ಲಕ್ಷದ್ವೀಪಕ್ಕೆ ಹೊರಟವರು ವಿಮಾನದ ಟಿಕೆಟ್ ಮೊದಲು ತೆಗೆಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಲಕ್ಷದ್ವೀಪದ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ, ಎಲ್ಲ ಸರಿ. ಆದರೆ ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ಕೂರಬಹುದು ಅನ್ನೋ ಹಾಗೆ ಬರೆದಿದ್ದಾರಲ್ಲ, ಅದನ್ನು ಓದಿ ಮೊದಲು ನಗು ಬಂತು. ಆಮೇಲೆ ಸಿಟ್ಟೂ ಬಂತು. ಯಾಕೆಂದರೆ ಇಂಥದೇ ಮಾತು ನಂಬಿ 28,000 ರೂಪಾಯಿ ಕಳೆದುಕೊಂಡವನು ನಾನು. ಲೇಖನದಲ್ಲಿ ರೆಸಾರ್ಟ್ ಇದೆ, ಸ್ಕೂಬಾ ಇದೆ, ಸೂರ್ಯಾಸ್ತ ಇದೆ. ಪರ್ಮಿಟ್, ಅಂದರೆ ದ್ವೀಪಕ್ಕೆ ಕಾಲಿಡಲು ಬೇಕಾದ ಅನುಮತಿ, ಅನ್ನೋ ಮಾತು ಮಾತ್ರ ಕೊನೆಯ ಸಾಲಿನಲ್ಲಿ, ಎಲೆಯ ತುದಿಗೆ ಉಪ್ಪಿನಕಾಯಿ ಸವರಿದ ಹಾಗೆ. ಅದು ಎಲೆಯ ನಡುವಿನ ಅನ್ನ ಸ್ವಾಮಿ.

ನಮ್ಮ ಕತೆ ಹೇಳುತ್ತೇನೆ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಸ್ನಾರ್ಕೆಲ್ ಹಾಕಿಕೊಂಡ ಫೋಟೊ ಬಂತು. ಹಿಂದೆಯೇ ಅದನ್ನು ಹಂಗಿಸಿದ ಮಾಲ್ಡೀವ್ಸ್‌ನವರ ಜೊತೆ ಜಗಳ ಶುರುವಾಯಿತು. ಎಲ್ಲರ ಬಾಯಲ್ಲೂ ಲಕ್ಷದ್ವೀಪ. ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಗತ್ತಿಗೆ, ಅಲ್ಲಿ ವಿಮಾನ ಇಳಿಯುವ ದ್ವೀಪಕ್ಕೆ, ನೇರ ವಿಮಾನವೂ ಬಂತು. ಅಳಿಯ ಬೆಂಗಳೂರಿನಲ್ಲಿ ಇರುವವನು, ಅವನಿಗೆ ಎಲ್ಲವೂ ಮೊಬೈಲಿನಲ್ಲೇ ಆಗಬೇಕು. ಒಬ್ಬ ಏಜೆಂಟನ್ನು ಹಿಡಿದ. ಅವರು ಟಿಕೆಟ್ ಈಗಲೇ ತೆಗೆಯಿರಿ, ದರ ಏರುತ್ತಿದೆ, ಪರ್ಮಿಟ್ ತಾನಾಗೇ ಬರುತ್ತದೆ ಎಂದರು. ನಾವೂ ತೆಗೆದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ನನ್ನ ಹೆಂಡತಿ ಐದು ಜನಕ್ಕೆ ಐದು ಟೋಪಿ ಕೂಡ ತಂದಳು. ಪರ್ಮಿಟ್ ಬರಲೇ ಇಲ್ಲ. ಏಜೆಂಟರು ಅರ್ಜಿಯನ್ನೇ ಪೂರ್ತಿ ಹಾಕಿರಲಿಲ್ಲ ಅಂತ ಗೊತ್ತಾದದ್ದು ಹೊರಡುವುದಕ್ಕೆ ಮೂರು ದಿನ ಇರುವಾಗ. ಟಿಕೆಟಿನ ಹಣದಲ್ಲಿ ಚೂರುಪಾರು ವಾಪಸ್ ಬಂತು, ಏಜೆಂಟರ ಮುಂಗಡ ಬರಲಿಲ್ಲ. ಅವರ ಹೆಸರು ಇಲ್ಲಿ ಬೇಡ. ತಪ್ಪು ನಮ್ಮದೂ ಇತ್ತು.

ಅಂಡಮಾನಿಗೆ ನಾವು ನೀವು ಸುಮ್ನೆ ಟಿಕೆಟ್ ತೆಗೆದು ಹೋಗಬಹುದು, ಆದಿವಾಸಿಗಳ ಜಾಗ ಬಿಟ್ಟು. ಲಕ್ಷದ್ವೀಪ ಹಾಗಲ್ಲ. ನಮ್ಮದೇ ದೇಶ, ಆದರೂ ಹೊರಗಿನ ಭಾರತೀಯರಿಗೆ ಪ್ರವೇಶದ ಅನುಮತಿ ಬೇಕು. 1967ರ ನಿಯಮ ಅದು. ಈಗ ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ಯಾವ ದ್ವೀಪಕ್ಕೆ, ಎಷ್ಟು ದಿನಕ್ಕೆ, ಎಲ್ಲಿ ಇರುತ್ತೀರಿ ಎಂದು ಹೇಳಬೇಕು. ನಮಗೆ ಪೊಲೀಸ್ ಠಾಣೆಯ ಚೀಟಿ ಕೂಡ ಕೇಳಿದರು. ಠಾಣೆಯಲ್ಲಿ ಬರೆಯುವವರು ನನ್ನ ಹಳೇ ವಿದ್ಯಾರ್ಥಿ. ಮೇಷ್ಟ್ರೇ, ನಿಮ್ಮ ಮೇಲೆ ಕೇಸು ಏನಾದರೂ ಉಂಟಾ ಅಂತ ನನ್ನನ್ನೇ ಕೇಳಿ ನಕ್ಕ.

ಇದೆಲ್ಲ ಕಿರಿಕಿರಿ ಅಂತ ನಾನೂ ಬೈದಿದ್ದೆ. ಹೋಗಿ ನೋಡಿದ ಮೇಲೆ ಬೈಯುವುದು ಬಿಟ್ಟೆ. ಒಟ್ಟು 36 ದ್ವೀಪ, ಎಲ್ಲ ಸೇರಿ 32 ಚದರ ಕಿಲೋಮೀಟರ್. ಜನ ಇರುವುದು ಹತ್ತರಲ್ಲಿ. 2011ರ ಜನಗಣತಿ ಪ್ರಕಾರವೇ 64 ಸಾವಿರ ಚಿಲ್ಲರೆ ಜನ. ಅಂದರೆ ಒಂದು ಚದರ ಕಿಲೋಮೀಟರಿಗೆ ಎರಡು ಸಾವಿರ. ನಮ್ಮ ಪೇಟೆಗಳಲ್ಲಿ ಹೋಗಿ ಹುಡುಕಿದರೆ ಸಿಗುವ ಒತ್ತಡ ಅದು. ಮಾಲ್ಡೀವ್ಸ್ ಜೊತೆ ಹೋಲಿಸುವವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿ ಸಾವಿರಕ್ಕೂ ಜಾಸ್ತಿ ದ್ವೀಪಗಳಿವೆ, ದೊಡ್ಡ ರೆಸಾರ್ಟುಗಳು ಸಾಮಾನ್ಯವಾಗಿ ಜನ ಇಲ್ಲದ ದ್ವೀಪದಲ್ಲಿ ಇರುತ್ತವೆ, ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ಇಲ್ಲಿ ನೀವು ಹೋಗಿ ನಿಲ್ಲುವುದು ಒಬ್ಬರ ಊರಿನ ಒಳಗೆ. ಮಸೀದಿ, ಶಾಲೆ, ಬಾವಿ, ಬಟ್ಟೆ ಒಣಗಿಸಿದ ಹಗ್ಗ, ಅದರ ಪಕ್ಕದಲ್ಲಿ ನಿಮ್ಮ ರೂಮು. ಹಾಫ್ ಚಡ್ಡಿಯಲ್ಲಿ ಪೇಟೆ ಸುತ್ತುವುದು, ಬಾಟಲಿ ಹಿಡಿದು ಕಡಲ ತೀರದಲ್ಲಿ ಕೂರುವುದು ನಡೆಯೋದಿಲ್ಲ. ರೆಸಾರ್ಟ್ ಇರುವ ಬಂಗಾರಂ ದ್ವೀಪ ಬಿಟ್ಟರೆ ಸಾಮಾನ್ಯವಾಗಿ ಮದ್ಯ ಇಲ್ಲ. ಗೋವಾ ಬೇಕಾದವರು ಗೋವಾಕ್ಕೆ ಹೋಗಲಿ.

ಎರಡನೇ ಸಲ ಬುದ್ಧಿ ಬಂದಿತ್ತು. ಅದೇ ವರ್ಷದ ದಸರಾ ರಜೆಗೆ ಅಂತ ಜೂನ್‌ನಲ್ಲೇ ಶುರು ಮಾಡಿದೆವು. ಮೊದಲು ಉಳಿಯುವ ಮನೆ, ಆಮೇಲೆ ಪರ್ಮಿಟ್, ಆಮೇಲೆ ಹಡಗು. ಹೌದು, ಹಡಗು. ಅಗತ್ತಿಯ ರನ್‌ವೇ ಚಿಕ್ಕದು, ಎಟಿಆರ್ ಥರದ ಸಣ್ಣ ವಿಮಾನಕ್ಕಷ್ಟೇ ಜಾಗ, ಸೀಟು ಕಡಿಮೆ, ದರ ಜಾಸ್ತಿ. ನಾವು ಹೋಗಬೇಕಾಗಿದ್ದದ್ದು ಕದ್ಮತ್ ಅನ್ನೋ ಬೇರೆ ದ್ವೀಪಕ್ಕೆ. ಅಗತ್ತಿಯಲ್ಲಿ ಇಳಿದರೂ ಮತ್ತೆ ದೋಣಿ ಹಿಡಿಯಲೇಬೇಕು. ಅದಕ್ಕೆ ಕೊಚ್ಚಿಯಿಂದ ಹಡಗಿನಲ್ಲೇ ಹೋದೆವು.

ಇಲ್ಲೇ ನನ್ನ ಹೊಟ್ಟೆಉರಿ ಇರುವುದು. ಭೂಪಟ ತೆಗೆದು ನೋಡಿ. ಕಿಲ್ತಾನ್ ದ್ವೀಪ ಮಂಗಳೂರಿನಿಂದ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್, ಕೊಚ್ಚಿಯಿಂದ 390ರ ಆಸುಪಾಸು. ಕದ್ಮತ್, ಚೆತ್ಲಾತ್, ಅಮಿನಿ ಎಲ್ಲವೂ ಹಾಗೆಯೇ, ಮಂಗಳೂರಿಗೇ ಹತ್ತಿರ. ಆದರೂ ಪುತ್ತೂರಿನವನಾದ ನಾನು ಮಂಗಳೂರಿಗೆ ಬಂದು, ಅಲ್ಲಿ ಕಡಲಿಗೆ ಬೆನ್ನು ಹಾಕಿ, ರಾತ್ರಿ ರೈಲಿನಲ್ಲಿ ಎರ್ನಾಕುಳಂಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮತ್ತೆ ಉತ್ತರದ ಕಡೆಗೆ ಬರಬೇಕು. ಮೂಗು ಮುಟ್ಟುವುದಕ್ಕೆ ತಲೆ ಸುತ್ತ ಕೈ ತಂದ ಹಾಗೆ.

ಇದು ಹೊಸ ಸಂಬಂಧವೂ ಅಲ್ಲ. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ಐದು ದ್ವೀಪ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಸಾಕಾಗಿ ದ್ವೀಪದವರು ಟಿಪ್ಪುವಿನ ಹತ್ತಿರ ಬಂದರಂತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಇಂಗ್ಲಿಷರ ಕೈಗೆ ಹೋದವು, ಮಂಗಳೂರಿನ ಕಲೆಕ್ಟರ್ ಕಚೇರಿ ನೋಡಿಕೊಂಡಿತು. ಕೈತಪ್ಪಿದ್ದು ಯಾವತ್ತು ಗೊತ್ತಾ? 1956ರ ನವೆಂಬರ್ 1. ನಾವು ಮೈಸೂರು ರಾಜ್ಯ ಸೇರಿದ ದಿನವೇ ಅವರು ಕೇಂದ್ರಾಡಳಿತಕ್ಕೆ ಹೋದರು. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿದ ನನಗೇ ಇದು ನಿವೃತ್ತಿಯಾಗುವವರೆಗೆ ಗೊತ್ತಿರಲಿಲ್ಲ.

ನನ್ನ ಅಪ್ಪ ಮಂಗಳೂರು ಬಂದರಿನಲ್ಲಿ ಒಂದು ಅಕ್ಕಿ ಮಂಡಿಯ ಗುಮಾಸ್ತ. ಅಮೀನ್‌ದಿವಿಯವರು ಎಂದೇ ಹೇಳುತ್ತಿದ್ದರು ದ್ವೀಪದವರಿಗೆ. ಮಂಜಿಯಲ್ಲಿ, ಅಂದರೆ ಸರಕಿನ ದೊಡ್ಡ ದೋಣಿಯಲ್ಲಿ, ಕೊಬ್ಬರಿ, ತೆಂಗಿನ ನಾರಿನ ಹುರಿ, ಒಣಮೀನು ಬರುವುದು. ಇಲ್ಲಿಂದ ಅಕ್ಕಿ, ಹೆಂಚು, ಅಡಿಕೆ ಹೋಗುವುದು. ಈಗಲೂ ಹಳೇ ಬಂದರಿನ ದಕ್ಕೆಗೆ ಹೋಗಿ ನಿಂತರೆ ಮಂಜಿಗೆ ಸಿಮೆಂಟು, ಜಲ್ಲಿ, ತರಕಾರಿ ತುಂಬುವುದು ಕಾಣುತ್ತದೆ. ಸರಕಿಗೆ ದಾರಿ ಇದೆ, ಮನುಷ್ಯರಿಗೆ ಇಲ್ಲ ಅಂದರೆ ಹೇಗೆ? 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು ಸುಮಾರು ಏಳು ಗಂಟೆಯಲ್ಲಿ ದ್ವೀಪದಿಂದ ಮಂಗಳೂರಿಗೆ ಜನರನ್ನು ತಂದಾಗ ನಾವೆಲ್ಲ ಖುಷಿಪಟ್ಟೆವು. ಏಳು ಗಂಟೆ ಅಂದರೆ ಪುತ್ತೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದ ಹಾಗೆ, ಶಿರಾಡಿಯಲ್ಲಿ ಲಾರಿ ಅಡ್ಡ ನಿಂತರೆ ಅದಕ್ಕಿಂತ ಬೇಗ. ಆದರೆ ದಿನ ಗೊತ್ತಿರುವ, ನಂಬಿ ಹೊರಡಬಹುದಾದ ಹಡಗು ನಾವು ಹೊರಟಾಗ ಸಿಗಲಿಲ್ಲ.

ಕೊಚ್ಚಿಯ ಹಡಗಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಂಕ್, ಫ್ಯಾನು, ಚಹಾ, ವಾಂತಿ. ದ್ವೀಪ ಯಾವುದು ಅನ್ನುವುದರ ಮೇಲೆ 14ರಿಂದ 18 ಗಂಟೆ. ಹೇಳಬೇಕಾದದ್ದು ಇಳಿಯುವುದರ ಬಗ್ಗೆ. ದ್ವೀಪದ ಸುತ್ತ ಹವಳದ ಗೋಡೆ ಇದೆ, ದೊಡ್ಡ ಹಡಗು ಅದನ್ನು ದಾಟಿ ಒಳಗೆ ಬರುವ ಹಾಗಿಲ್ಲ. ನಾವು ಹೋದ ದಿನ ಹಡಗು ಹೊರಗೇ ನಿಂತಿತು. ಪಕ್ಕಕ್ಕೆ ಒಂದು ಮೋಟಾರು ದೋಣಿ ಬಂತು. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು ತೆಗೆದರು. ಕೆಳಗೆ ದೋಣಿ ಒಮ್ಮೆ ಬಾಗಿಲ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಒಂದಾಳು ಕೆಳಗೆ ಇಳಿಯುತ್ತದೆ. ಏರಿದಾಗ ಕಾಲಿಡಬೇಕು. ನನ್ನ ಹೆಂಡತಿಗೆ ಮಂಡಿನೋವು. ಬಾಗಿಲ ಅಂಚಿನಲ್ಲಿ ನಿಂತು ರಾಮಾ ರಾಮಾ ಅನ್ನುತ್ತಿದ್ದಳು. ಇಬ್ಬರು ಖಲಾಸಿಗಳು ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡರು, ಕೈ ಅಲ್ಲ, ಮಣಿಕಟ್ಟು. ಒಬ್ಬ ದೋಣಿಯನ್ನೇ ನೋಡುತ್ತಿದ್ದ, ಅಲೆ ಎಣಿಸುವವನ ಹಾಗೆ. ಈಗ ಅಂದ. ಅಷ್ಟರಲ್ಲಿ ಅವಳು ದೋಣಿಯಲ್ಲಿ ಕೂತಾಗಿತ್ತು, ಹೇಗೆ ಕೂತೆ ಅಂತ ಅವಳಿಗೂ ಗೊತ್ತಿಲ್ಲ. ಚಪ್ಪಲಿ ಒಂದು ಮಾತ್ರ ಅರಬ್ಬಿ ಸಮುದ್ರಕ್ಕೆ ಹೋಯಿತು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ಯಾವ ಬ್ರೋಷರ್ ಕೂಡ ಹೇಳುವುದಿಲ್ಲ ನೋಡಿ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ಬ್ಯಾಗು ಬೆನ್ನಿಗೆ ಹಾಕುವಂಥದ್ದು ಇರಲಿ, ಚಕ್ರದ ಸೂಟ್‌ಕೇಸ್ ಬೇಡ.

ಕದ್ಮತ್ ಉದ್ದಕ್ಕೆ ಸುಮಾರು 9 ಕಿಲೋಮೀಟರ್, ಅಗಲ ಎಲ್ಲೂ ಒಂದು ಕಿಲೋಮೀಟರ್ ಕೂಡ ಇಲ್ಲ. ಕೆಲವು ಕಡೆ ರಸ್ತೆಯ ಮೇಲೆ ನಿಂತರೆ ಎರಡೂ ಕಡೆಯ ಕಡಲು ಕೇಳಿಸುತ್ತದೆ. ನಾವು ಉಳಿದ ಮನೆಯ ಮಾಡಿನ ಹೆಂಚಿನಲ್ಲಿ ಮಂಗಳೂರು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮನೆಯವರ ಅಜ್ಜ ಅದನ್ನು ತೋರಿಸಿ ನಿಮ್ಮ ಊರು ನಮ್ಮ ತಲೆ ಮೇಲೆ ಉಂಟು ಎಂದರು. ಅವರ ಭಾಷೆ ಜೆಸರಿ, ಮಲಯಾಳದ ಒಂದು ಬಗೆ. ನಮ್ಮ ಕರಾವಳಿಯ ಬ್ಯಾರಿ ಭಾಷೆ ಕೇಳಿ ಅಭ್ಯಾಸ ಇರುವವರಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ಕೈಸನ್ನೆ.

ಊಟದ ಚಿಂತೆ ನಮಗೆ ಇತ್ತು, ನಾವು ಮೀನು ತಿನ್ನುವವರಲ್ಲ. ಅಲ್ಲಿ ಎಲ್ಲವೂ ಚೂರೆ ಮೀನು (ಟ್ಯೂನಾ), ತೆಂಗು. ಮೊದಲೇ ಹೇಳಿದ್ದರಿಂದ ಅನ್ನ, ಬೇಳೆ, ತೆಂಗಿನ ಚಟ್ನಿ ಮಾಡಿಕೊಟ್ಟರು. ಎರಡನೇ ದಿನ ಒಂದು ಪಲ್ಯ ಬಂತು. ಬಾಯಿಗಿಟ್ಟರೆ ಜೀಗುಜ್ಜೆ! ನಾವು ಕನ್ನಡದಲ್ಲಿ ದೀವಿಹಲಸು ಅನ್ನುತ್ತೇವಲ್ಲ, ಅದೇ. ದೀವಿ ಅಂದರೆ ದ್ವೀಪ. ಇಷ್ಟು ವರ್ಷ ಆ ಹೆಸರಿಟ್ಟುಕೊಂಡು ಹಿತ್ತಲಿನಲ್ಲಿ ಬೆಳೆದು ತಿಂದವನಿಗೆ ದೀವಿಗೆ ಹೋದ ಮೇಲೆ ಅರ್ಥ ಆಯಿತು.

ನೀರಿನ ಮಾತು ಹೇಳಲೇಬೇಕು. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಮಳೆನೀರು ಮರಳಿನಲ್ಲಿ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ. ಬಾವಿಯಿಂದ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಬಂತು. ಮೇಲಿನ ಬಿಸಿ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡುತ್ತಾರೆ, ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ತಣಿಸುತ್ತಾರೆ. ಆಮೇಲೆ ಬೇರೆ ದ್ವೀಪಗಳಿಗೂ ಬಂತು. ಆದರೂ ಅದು ಕುಡಿಯುವ ನೀರು, ಬಕೆಟ್‌ಗಟ್ಟಲೆ ಸುರಿದುಕೊಳ್ಳುವುದಕ್ಕಲ್ಲ. ಅಳಿಯ ಕಡಲಲ್ಲಿ ಈಜಿ ಬಂದು ಅರ್ಧ ಗಂಟೆ ಶವರ್ ಕೆಳಗೆ ನಿಂತ. ಮನೆಯವರು ಏನೂ ಹೇಳಲಿಲ್ಲ. ಅಜ್ಜ ಮಾತ್ರ ಅಂಗಳದಲ್ಲಿ ಕೂತು ಆ ನೀರು ಬೀಳುವ ಸದ್ದು ಕೇಳುತ್ತಿದ್ದರು. ನನಗೆ ತಲೆ ತಗ್ಗಿಸುವ ಹಾಗಾಯಿತು. ಮರುದಿನದಿಂದ ಒಬ್ಬರಿಗೆ ಒಂದು ಬಕೆಟ್ ಅಂತ ಮಾಡಿಕೊಂಡೆವು.

ಮೊಮ್ಮಗ ತೀರದಲ್ಲಿ ಬಿದ್ದಿದ್ದ ಒಂದು ಹವಳದ ತುಂಡು ಜೇಬಿಗೆ ಹಾಕಿಕೊಂಡಿದ್ದ. ಬೆರಳುದ್ದ, ಮಿದುಳಿನ ಹಾಗೆ ಗೆರೆಗೆರೆ. ಮನೆಯ ಹುಡುಗ ನೋಡಿ, ಕೈಹಿಡಿದು ಕರೆದುಕೊಂಡು ಹೋಗಿ, ಎತ್ತಿದ ಜಾಗದಲ್ಲೇ ಇಡಿಸಿದ. ಸತ್ತ ಹವಳವಾದರೂ ತರುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಸುಮ್ನೆ ಮಾಡಿದ ಕಾನೂನಲ್ಲ. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಹವಳ ಬೆಳ್ಳಗಾಗಿ ಸತ್ತಿತು. ಹವಳದ ಗೋಡೆ ಹೋದರೆ ಅಲೆ ನೇರ ಮನೆ ಬಾಗಿಲಿಗೆ. ಬಂಗಾರಂ ಹತ್ತಿರ ಪರಳಿ-1 ಅಂತ ಒಂದು ಪುಟ್ಟ ದ್ವೀಪ ಇತ್ತು, ಜನ ಇಲ್ಲದ್ದು. ಅದು ಈಗ ಇಲ್ಲ, ಪೂರ್ತಿ ಕೊರೆದು ಹೋಗಿದೆ.

ಇನ್ನು ದಿನದ ಲೆಕ್ಕ. ನಮ್ಮವರಿಗೆ ರಜೆ ಅಂದರೆ ಮೇ ತಿಂಗಳು. ಲಕ್ಷದ್ವೀಪಕ್ಕೆ ಮೇ ಅರ್ಧ ಆದ ಮೇಲೆ ಹೋಗಬೇಡಿ. ಮಳೆಗಾಲ ಶುರು, ಸಪ್ಟೆಂಬರ್ ಮಧ್ಯದ ತನಕ ಸಣ್ಣ ದೋಣಿ ಇಳಿಯುವುದಿಲ್ಲ, ಹಡಗು ಬಂದರೆ ಬಂತು. ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯದು. ದಸರಾ ರಜೆಯೂ ಆಗುತ್ತದೆ, ಆದರೆ ಅಕ್ಟೋಬರ್‌ನ ಕಡಲನ್ನು ಪೂರ್ತಿ ನಂಬಬೇಡಿ. ರಂಜಾನ್ ಯಾವಾಗ ಎಂದೂ ನೋಡಿಕೊಳ್ಳಿ, ಹಗಲು ಹೋಟೆಲು ತೆರೆದಿರುವುದಿಲ್ಲ. ಕೈಯಲ್ಲಿ ನಗದು ಇರಲಿ. 2024ರಿಂದ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಬಂದು ಇಂಟರ್‌ನೆಟ್ ಪರವಾಗಿಲ್ಲ, ಆದರೆ ಕರೆಂಟು ಹೋದಾಗ ಯುಪಿಐ ನಂಬಿಕೊಂಡು ಎಳನೀರಿನವನ ಮುಂದೆ ನಿಂತ ನನ್ನ ಅಳಿಯನ ಮುಖ ನೋಡಬೇಕಿತ್ತು.

ಅಕ್ಟೋಬರ್ ನಂಬಬೇಡಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ವಾಪಸ್ ಹೊರಡುವ ದಿನ ಗಾಳಿ ಎದ್ದಿತು. ಹಡಗು ಬರಲಿಲ್ಲ. ಮರುದಿನವೂ ಬರಲಿಲ್ಲ. ಅಳಿಯನಿಗೆ ಆಫೀಸಿನಿಂದ ಫೋನ್ ಮೇಲೆ ಫೋನ್, ಮಗಳಿಗೆ ಅಳು, ಎರ್ನಾಕುಳಂ ರೈಲಿನ ಟಿಕೆಟ್ ಹೋಯಿತು. ಅಜ್ಜನ ಹತ್ತಿರ ಹಡಗು ಯಾವಾಗ ಅಂತ ಕೇಳಿದೆ. ಅವರು ಕಡಲು ನೋಡಿದರು, ಬಂದಾಗ ಎಂದರು. ದ್ವೀಪದ ಹೆಣ್ಣೊಬ್ಬಳನ್ನು ಹೆರಿಗೆಗೆ ಅಂತ ಕೊಚ್ಚಿಗೆ ಒಯ್ಯಲು ಅದೇ ಹಡಗನ್ನು ಕಾಯುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ನಮ್ಮದೇನು, ಎರಡು ದಿನ ಹೆಚ್ಚು ರಜೆ. ಹೋಗುವವರು ಎರಡು ದಿನ ಕೈಯಲ್ಲಿ ಇಟ್ಟುಕೊಂಡೇ ಹೋಗಿ. ಬರುವ ಹಡಗು ಯಾವುದು, ಅದು ತಪ್ಪಿದರೆ ಮುಂದಿನದು ಯಾವಾಗ ಎಂದು ತಿಳಿದುಕೊಂಡ ಮೇಲೆಯೇ ಹೋಗುವ ಟಿಕೆಟ್ ತೆಗೆಯಿರಿ. ಅಷ್ಟು ದಿನ ಇಲ್ಲದವರು ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಸಂಜೆಗೆ ಮನೆ ಸೇರಬಹುದು. ಅಲ್ಲಿ ಕಂಬದ ಹಾಗೆ ನಿಂತ ಕಲ್ಲುಗಳು ಕೋಟಿಗಟ್ಟಲೆ ವರ್ಷದ ಹಿಂದಿನ ಲಾವಾ. ಅದೂ ಕಮ್ಮಿ ಏನಲ್ಲ.

ಸಂಪಾದಕರೇ, ನಿಮ್ಮಲ್ಲಿ ಎರಡು ಕೋರಿಕೆ. ಪ್ರವಾಸದ ಲೇಖನ ಹಾಕುವಾಗ ಪರ್ಮಿಟ್, ಹಡಗು, ತಿಂಗಳು ಈ ಮೂರನ್ನು ಮೊದಲ ಪ್ಯಾರಾದಲ್ಲೇ ಹಾಕಿಸಿ, ಫೋಟೊ ಒಂದು ಕಡಿಮೆಯಾದರೂ ಚಿಂತೆ ಇಲ್ಲ. ಇನ್ನೊಂದು, ಮಂಗಳೂರು–ಲಕ್ಷದ್ವೀಪ ಪ್ರಯಾಣಿಕರ ಹಡಗಿನ ವಿಷಯ ಪುರವಣಿಯಲ್ಲಿ ಅಲ್ಲ, ಮುಖಪುಟದಲ್ಲಿ ಬರೆಯಿರಿ. ವಾರಕ್ಕೆ ಒಂದೇ ಆದರೂ ಸಾಕು, ಗೊತ್ತಾದ ದಿನ, ಗೊತ್ತಾದ ಹೊತ್ತು. ನಮಗೆ ರಜೆಗೆ ಆಗುತ್ತದೆ, ಅವರಿಗೆ ಮಂಗಳೂರಿನ ಆಸ್ಪತ್ರೆಗೆ, ಕಾಲೇಜಿಗೆ ಆಗುತ್ತದೆ. ಜಿಲ್ಲೆಯ ಜನಪ್ರತಿನಿಧಿಗಳು ಹಡಗು ಕಟ್ಟುವ ಜೆಟ್ಟಿ ಬರುತ್ತದೆ, ಜೆಟ್ಟಿ ಬರುತ್ತದೆ ಅಂತ ಹೇಳುವುದನ್ನು ವರ್ಷಗಳಿಂದ ಓದುತ್ತಿದ್ದೇವೆ. ಜೆಟ್ಟಿಗೆ ಹಡಗು ಯಾವಾಗ ಎಂದು ಯಾರಾದರೂ ಕೇಳಬೇಕಲ್ವಾ?

ನಾವು ಮತ್ತೆ ಹೋಗುತ್ತೇವೆ. ಈ ಸಲ ಜನವರಿಗೆ. ಹೆಂಡತಿ ಹೊಸ ಚಪ್ಪಲಿ ಆಗಲೇ ತಂದಿಟ್ಟಿದ್ದಾಳೆ, ಹಿಂಬದಿ ಪಟ್ಟಿ ಇರುವಂಥದ್ದು. ಫೋನ್ ಮಾಡಿದಾಗ ಅಜ್ಜ, ಬರುವಾಗ ಒಂದು ಸಣ್ಣ ಚೀಲ ಕುಚ್ಚಲಕ್ಕಿ ತನ್ನಿ, ಮಂಗಳೂರಿನದ್ದೇ ಆಗಬೇಕು ಎಂದರು. ಕೊಚ್ಚಿ ಸುತ್ತಿ ಒಯ್ಯಬೇಕು, ನೋಡೋಣ.

ನಿವೃತ್ತ ಮೇಷ್ಟ್ರು,
ಪುತ್ತೂರು, ದಕ್ಷಿಣ ಕನ್ನಡ